ಅಕ್ಕೋರ ವಯಸ್ಸು

ಮಸ್ಕಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಅತ್ತೆ, ಸೊಸೆ ಇಬ್ಬರೇ ಇದ್ದರು. ಸೊಸೆ ಬ್ಲಾಕ್ ಕಚೇರಿಯ ಗ್ರಾಮಸೇವಿಕೆ. ಹಳ್ಳಿಹಳ್ಳಿ ತಿರುಗಿ ಹೆಂಗಸರನ್ನು ಒಂದೆಡೆ ಕೂಡಿಸಿ, ಹೊಗೆ ಕಡಿಮೆ ಬರುವ ಒಲೆ ಹಾಕುವುದು, ಬಸುರಿ ಬಾಣಂತಿಯರು ಏನು ಉಣ್ಣಬೇಕು, ಕೂಸಿಗೆ ಹಾಲು ಬಿಡಿಸಿದ ಮೇಲೆ ಏನು ಕೊಡಬೇಕು ಎಂದು ಹೇಳಿಕೊಡುವುದು ಅವರ ಕೆಲಸ. ಓಣಿಯವರೆಲ್ಲ ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಹೇಳುವ ಮಾತು ಅದು. ಅವರು ಶಾಲೆ ಕಲಿಸುತ್ತಿರಲಿಲ್ಲ. ಆದರೆ ಅವರನ್ನು ಮತ್ತೇನೆಂದು ಕರೆಯಬೇಕೆಂಬುದು ಯಾರಿಗೂ ಗೊತ್ತಾಗಿರಲಿಲ್ಲ.

ಓಣಿಗೆ ಉಳಿದ ಹೆಂಗಸರ ಬಗ್ಗೆ ಈ ಗೊಂದಲವಿರಲಿಲ್ಲ. ಲಗ್ನವಾಗದ ಹುಡುಗಿ, ಹೊಸ ಸೊಸೆ, ಮಕ್ಕಳ ತಾಯಿ, ಗಂಡ ಸತ್ತವಳು ಎಂದು ಒಬ್ಬೊಬ್ಬರಿಗೂ ಒಂದೊಂದು ಜಾಗವಿತ್ತು. ಶುಭಕಾರ್ಯದಲ್ಲಿ ಯಾರು ಮುಂದೆ ನಿಲ್ಲಬೇಕು, ಯಾರು ಅಡಿಗೆ ಮನೆಯಲ್ಲೇ ಇರಬೇಕು, ಯಾರು ಎದುರಿಗೆ ಬಂದರೆ ದಾರಿ ಹಿಡಿದವರು ಒಂದು ಗಳಿಗೆ ಕೂತು ಏಳಬೇಕು ಎಂಬುದೆಲ್ಲ ಯಾರೂ ಹೇಳಿಕೊಡದೆ ನಮಗೆ ತಿಳಿದಿತ್ತು. ಅಕ್ಕೋರ ವಿಷಯದಲ್ಲಿ ಮಾತ್ರ ನಮ್ಮವ್ವನಂಥವಳೂ ತಡವರಿಸುತ್ತಿದ್ದಳು.

ಅವರ ಗಂಡ ಕಾಲುವೆ ಕೆಲಸದಲ್ಲಿ ಮೇಸ್ತ್ರಿ. ಸಿಂಧನೂರಿನ ಕಡೆ ಕ್ಯಾಂಪಿನಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ಒಂದು ಸೋಮವಾರ ಮುಂಜಾನೆ ಬುತ್ತಿ ಕಟ್ಟಿಸಿಕೊಂಡು ಸೈಕಲ್ ಏರಿ ಹೋದವನು ಮತ್ತೆ ಬರಲಿಲ್ಲ. ಗೊರೇಬಾಳದ ಹತ್ತಿರ ಕಾಲುವೆ ದಂಡೆಯ ಜಾಲಿ ಗಿಡಕ್ಕೆ ಒರಗಿಸಿದ ಸೈಕಲ್ ಸಿಕ್ಕಿತು. ಬುತ್ತಿಯ ಗಂಟು ಹ್ಯಾಂಡಲ್ಲಿಗೆ ಹಾಗೇ ಜೋತಾಡುತ್ತಿತ್ತು, ಬಿಚ್ಚಿರಲಿಲ್ಲ. ಹಗ್ಗ ಹಾಕಿ ನೀರು ಜಾಲಾಡಿದರು. ಕೆಳಗಿನ ತೂಬುಗಳಲ್ಲೆಲ್ಲ ನೋಡಿಸಿದರು. ಹೆಣ ಸಿಗಲಿಲ್ಲ. ಕಾಲು ಜಾರಿ ಬಿದ್ದ ಎಂದರು ಕೆಲವರು. ಕ್ಯಾಂಪಿನ ಹೆಂಗಸೊಬ್ಬಳ ಜೊತೆ ಕರಾವಳಿ ಆಂಧ್ರದ ಕಡೆ ಹೋದ ಎಂದರು ಇನ್ನು ಕೆಲವರು. ಗುತ್ತೇದಾರನ ಜೊತೆ ಜಗಳವಾಗಿತ್ತು ಎಂಬ ಮಾತೂ ಇತ್ತು. ಪ್ರತಿ ಮಾತಿಗೂ ಕಣ್ಣಾರೆ ಕಂಡೆ ಎನ್ನುವವನೊಬ್ಬ ಇದ್ದ.

ನಾನಾಗ ಶಾಲೆಯಲ್ಲಿ ಒಂದನೇ ಜಮಾತು. ಬಸ್ಸಿನ ಮೇಲಿಂದ ಆ ಸೈಕಲ್ ಇಳಿಸಿದ್ದು ನೆನಪಿದೆ. ಅಕ್ಕೋರು ಹೊಸ್ತಿಲ ಮೇಲೆ ನಿಂತಿದ್ದರು. ಅವರಿಗಾಗ ಇಪ್ಪತ್ತೋ ಇಪ್ಪತ್ತೆರಡೋ. ಮಕ್ಕಳಿರಲಿಲ್ಲ. ಸೈಕಲ್ ಕಂಡು ಅತ್ತೆ ಎದೆ ಬಡಿದುಕೊಳ್ಳಲಿಲ್ಲ. ಸೆರಗಿನಿಂದ ಅದರ ಧೂಳು ಒರೆಸಿ, "ಸೈಕಲ್ ಬಂದೈತಿ ಅಂದಮ್ಯಾಲ ಅಂವನೂ ಬರತಾನ" ಎಂದಳು. ಆ ಮಾತನ್ನೇ ನಂಬಿ ಆ ಮನೆ ಎಷ್ಟೋ ವರ್ಷ ನಡೆಯಿತು.

ಏಳನೇ ಜಮಾತು ಓದಿದ್ದರಿಂದ ಅಕ್ಕೋರಿಗೆ ಟ್ರೇನಿಂಗಿಗೆ ಕರೆ ಬಂತು, ಆಮೇಲೆ ಕೆಲಸ. ಅತ್ತೆ ಬೇಡವೆನ್ನಲಿಲ್ಲ. ಆದರೆ ಒಂದು ಕಟ್ಟಳೆ ಮಾಡಿದಳು. ದಿನಾ ಮುಂಜಾನೆ ಸೊಸೆಯನ್ನು ಎದುರಿಗೆ ಕೂಡಿಸಿಕೊಂಡು ತಾನೇ ಅವರ ಹಣೆಗೆ ಕುಂಕುಮ ಇಡುವಳು, ಕಾಸಿನಗಲ. ಸಂಜೆ ಮಗನ ಪಾಲಿನ ರೊಟ್ಟಿ ಪಲ್ಯವನ್ನು ತಾಟಿನಲ್ಲಿಟ್ಟು ಮೇಲೆ ಬುಟ್ಟಿ ಮುಚ್ಚುವಳು. ಸಿಂಧನೂರಿನ ಕಡೆಯ ಕಡೇ ಬಸ್ಸು ಬಂದು ಹೋದ ಮೇಲೂ ಆ ತಾಟನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಂಜಾನೆ ಅಕ್ಕೋರು ಅದನ್ನೇ ತಿಂದು ಕೆಲಸಕ್ಕೆ ಹೋಗುತ್ತಿದ್ದರು.

"ನಿಮಗ ತಂಗಳ ಯಾಕ್ರಿ?" ಎಂದು ನಾನೊಮ್ಮೆ ಕೇಳಿದೆ.

"ಜ್ವಾಳದ ರೊಟ್ಟಿ, ಕೆಡಂಗಿಲ್ಲ. ಮನಷಾ ಬರಲಿಲ್ಲಂದ್ರ ರೊಟ್ಟಿ ಏನ ತಪ್ಪ ಮಾಡೈತಿ?" ಎಂದು ನಕ್ಕರು. "ನಿಮ್ಮ ಕಾಕಾನ ಪಾಲು ತಿಂದ ತಿಂದ ನೋಡು ನಾ ಹೆಂಗಾಗೀನಿ."

ಅವರು ಗಟ್ಟಿಮುಟ್ಟಾದ ಆಳು. ನಡಿಗೆ ಗಂಡಸರ ಹಾಗೆ ಬಿರುಸು. ಮಾತಾಡುವಾಗ ಎದುರಿಗಿದ್ದವರ ಮೊಣಕೈಯನ್ನು ಹಿಡಿದುಕೊಳ್ಳುವ ಅಭ್ಯಾಸವಿತ್ತು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡುತ್ತಿರಲಿಲ್ಲ. ನನ್ನ ಮೊಣಕೈಗೆ ಆ ಹಿಡಿತ ಇವತ್ತಿಗೂ ಗೊತ್ತು.

ಶಾಲೆಗೆ ಸೂಟಿ ಇದ್ದಾಗ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಬಸ್ಸು ಊರು ದಾಟಿ ಗುಡ್ಡ ಹಿಂದಾದ ಕೂಡಲೇ ಸೆರಗಿನ ತುದಿ ತೋಯಿಸಿಕೊಂಡು ಹಣೆಯ ಕುಂಕುಮ ಒರೆಸಿಬಿಡುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಹೆದರಿಕೆಯಾಗಿತ್ತು. ಹಾಗೆ ಒರೆಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಅವರು ನನ್ನ ಮುಖ ನೋಡಿ, "ಹೆದರಬ್ಯಾಡ. ಅದು ಅತ್ತಿ ಕುಂಕುಮ. ನಂದಲ್ಲ" ಎಂದರು. ಸಂಜೆ ಮರಳುವಾಗ ಅದೇ ಜಾಗದಲ್ಲಿ ಚೀಲದಿಂದ ಸಣ್ಣ ಡಬ್ಬಿ ತೆಗೆದು ಮತ್ತೆ ಇಟ್ಟುಕೊಳ್ಳುವರು, ಅತ್ತೆ ಇಟ್ಟಷ್ಟೇ ಅಗಲ.

ಸಂತೆಕಲ್ಲೂರಿಗೆ ಹೋದ ದಿನವೊಂದು ನೆನಪಾಗುತ್ತದೆ. ಕಚೇರಿಯಿಂದ ಅವರಿಗೆ ಒಂದು ಚಿತ್ರದ ಅರಿವೆ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಹೆಂಗಸರು: ಎರಡು ಜಡೆಯ ಹುಡುಗಿ, ಹೂವಿನ ದಂಡೆ ಕಟ್ಟಿಕೊಂಡ ಮದುಮಗಳು, ಕೂಸೆತ್ತಿಕೊಂಡ ತಾಯಿ, ಜಪಮಣಿ ಹಿಡಿದ ಮುದುಕಿ. ಯಾವ ವಯಸ್ಸಿನಲ್ಲಿ ಏನು ಉಣ್ಣಬೇಕೆಂದು ಹೇಳಲು ಅದು. ಅಕ್ಕೋರು ಅರಿವೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ವಿವರಿಸುತ್ತಿದ್ದರು. ಹೊಲದಿಂದ ಬಂದು ಕೂತಿದ್ದ ಒಬ್ಬ ಹೆಂಗಸು ನಡುವೆ ಬಾಯಿ ಹಾಕಿದಳು.

"ಅಕ್ಕೋರ, ಇದರಾಗ ನೀವು ಎಲ್ಲಿ ಅದೀರಿ?"

ಕೂತವರೆಲ್ಲ ಅಕ್ಕೋರತ್ತ ನೋಡಿದರು. ಅವರ ಕಥೆ ಆ ಊರಿಗೂ ಗೊತ್ತಿತ್ತು.

"ನಾ ಅರಿವಿ ಹಿಂದ ಅದೀನವಾ," ಎಂದರು ಅಕ್ಕೋರು. "ಯಾರರ ಹಿಡಕೊಂಡು ನಿಂದರಬೇಕಲ್ಲ."

ಎಲ್ಲರೂ ನಕ್ಕರು, ಅವರೂ ನಕ್ಕರು. ಮುಂದಿನ ಸಲ ಹೋದಾಗ ನಾಲ್ಕು ಚಿತ್ರ ತೋರಿಸಿ ಮುಗಿಸಿದ ಮೇಲೆ ಅರಿವೆ ಮಡಚಿಟ್ಟು, "ಇದರಾಗ ಇಲ್ಲದಾಕಿ ಯಾರ್ ಯಾರು ಹೇಳ್ರಿ" ಎಂದರು. ಒಬ್ಬಳು, "ಮಕ್ಕಳಾಗದಾಕಿ" ಎಂದಳು. "ಗಂಡ ಬಿಟ್ಟಾಕಿ." "ಹಡದ ಕೂಸನ್ನ ಮಣ್ಣಿಗಿಟ್ಟಾಕಿ." "ಲಗ್ನಾನ ಬ್ಯಾಡಂದಾಕಿ." "ಮುಟ್ಟು ನಿಂತಾಕಿ, ಇನ್ನ ಮುದುಕಿ ಆಗಿಲ್ಲ." ಒಂದೊಂದಕ್ಕೂ ಅಕ್ಕೋರು ಒಂದೇ ಪ್ರಶ್ನೆ ಕೇಳಿದರು: "ಆಕಿಗೂ ಹೊಟ್ಟಿ ಐತಿಲ್ಲೋ? ಆಕಿ ಏನ ಉಣಬೇಕು ಹೇಳ್ರಿ." ಆ ದಿನ ಮಾತು ಸಂಜೆತನಕ ನಡೆಯಿತು. ಕೊನೆಯ ಬಸ್ಸು ತಪ್ಪುವುದರಲ್ಲಿತ್ತು.

ಹೀಗಿದ್ದವರು ನಮ್ಮ ಮನೆಯಲ್ಲಿ ಅವಮಾನ ನುಂಗಿಕೊಂಡದ್ದೂ ಉಂಟು. ನಮ್ಮಕ್ಕ ಬಸುರಿಯಾಗಿ ತವರಿಗೆ ಬಂದಾಗ ಕುಬಸ, ಅಂದರೆ ಸೀಮಂತ, ಮಾಡಿದೆವು. ಮೊದಲೊಂದು ಬಸಿರು ನಿಲ್ಲದೆ ಹೋಗಿ ಅಕ್ಕ ಹಾಸಿಗೆ ಹಿಡಿದಿದ್ದಾಗ ಅವಳನ್ನು ನೋಡಿಕೊಂಡವರು ಅಕ್ಕೋರು. ಅದಕ್ಕೇ ಅಕ್ಕ, "ಮೊದಲ ಉಡಿ ಅಕ್ಕೋರು ತುಂಬಲಿ" ಎಂದು ಹಟ ಹಿಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದುಕೊಂಡು ಅಕ್ಕೋರು ಎದ್ದರು. ಅವ್ವ ಮೆಲ್ಲಗೆ ಅವರ ಕೈ ಹಿಡಿದಳು.

"ತಂಗಿ, ಬ್ಯಾಸರ ಮಾಡಕೋಬ್ಯಾಡ. ಮುತ್ತೈದಿ ಅನ್ನಾಕ ಖಾತ್ರಿ ಇಲ್ಲಲ್ಲ. ಮಗಳದು ಮೊದಲ ಒಮ್ಮೆ ಹಂಗಾಗೈತಿ."

ಅಕ್ಕೋರು, "ಖರೇನ ಐತಿ ಯಕ್ಕಾ" ಎಂದು ಬಟ್ಟಲನ್ನು ಅವ್ವನ ಕೈಗೆ ಕೊಟ್ಟು ಅಡಿಗೆ ಮನೆಗೆ ಹೋಗಿ ಹೋಳಿಗೆ ಲಟ್ಟಿಸಲು ಕೂತರು. ಅಕ್ಕನಿಗೆ ಅಳು ತಡೆಯಲಾಗಲಿಲ್ಲ. ಅವರು ಮಾತ್ರ ಕೊನೆಯವರೆಗೂ ಇದ್ದು, ಎಲ್ಲರಿಗೂ ಬಡಿಸಿ, ಅತ್ತೆಗೆ ಊಟ ಕಟ್ಟಿಸಿಕೊಂಡು ಹೋದರು. ಅವ್ವ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅವರ ಮನೆಯ ಕಡೆ ಹೋಗುವುದನ್ನು ಕಡಿಮೆ ಮಾಡಿದಳು.

ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದಾಗ ಅಕ್ಕೋರು ಜವಳಗೇರಾ ಕಡೆ ಕೆಲಸವಿದೆ ಎಂದು ಹೋಗುತ್ತಿದ್ದರು. ಆ ಊರು ಅವರ ಬ್ಲಾಕಿಗೆ ಸೇರಿದ್ದೇ ಅಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ವರ್ಷ ನಾನೂ ಜೊತೆಗೆ ಹೋಗಿದ್ದೆ. ಗೊರೇಬಾಳದ ಹತ್ತಿರ ಬಸ್ಸಿಳಿದು ದಂಡೆಯ ಮೇಲೆ ನಡೆದರು. ನೀರಿಲ್ಲದ ಕಾಲುವೆ ಬಾಯಿ ತೆರೆದು ಮಲಗಿತ್ತು. ತಳದ ಕೆಸರು ಒಣಗಿ ಹೆಂಟೆ ಎದ್ದಿತ್ತು. ಒಡೆದ ಗಡಿಗೆ, ಎಮ್ಮೆಯ ಎಲುಬು, ಯಾರದೋ ಒಂದು ಕಾಲಿನ ಚಪ್ಪಲಿ ಕಂಡವು. ಚಪ್ಪಲಿ ಕಂಡಲ್ಲಿ ಅವರು ಇಳಿದು ಹೋದರು. ಕೈಗೆತ್ತಿಕೊಂಡು ಮಗುಚಿ ನೋಡಿ ಅಲ್ಲೇ ಇಟ್ಟರು.

"ಕಾಕಾಂದೇನ್ರಿ?" ಎಂದೆ.

"ಸಣ್ಣದು," ಎಂದರು. ಮೇಲೆ ಬಂದು ನನ್ನ ಮೊಣಕೈ ಹಿಡಿದುಕೊಂಡು ಮುಂದೆ ನಡೆದರು.

ನಾನು ಲಿಂಗಸುಗೂರಿನಲ್ಲಿ ಓದುತ್ತಿದ್ದ ಕಾಲಕ್ಕೆ ಒಂದು ಸುದ್ದಿ ಬಂತು. ಸಿಂಧನೂರಿನ ಆಚೆ ಗದ್ದೆ ಮಾಡಲು ಬಂದ ಆಂಧ್ರದವರ ಕ್ಯಾಂಪೊಂದರಲ್ಲಿ ಚಹಾದಂಗಡಿ ಇಟ್ಟವನು ಥೇಟ್ ಮೇಸ್ತ್ರಿಯ ಹಾಗಿದ್ದಾನೆ, ಎಡಗಣ್ಣಿನ ಮೇಲೆ ಅವನಿಗಿದ್ದಂಥದೇ ಗಾಯದ ಗುರುತು ಇದೆ ಎಂದು. ಅತ್ತೆ ಅವತ್ತೇ ಎರಡು ತಾಟಿಗಾಗುವಷ್ಟು ರೊಟ್ಟಿ ಬಡಿದಳು. "ಹೋಗಿ ಕರಕೊಂಡ ಬಾ" ಎಂದು ಸೊಸೆಗೆ ಹಸಿರು ಸೀರೆ ಉಡಿಸಿದಳು. ಅಕ್ಕೋರು ನನ್ನನ್ನು ಕರೆದುಕೊಂಡರು.

ಸಿಂಧನೂರಿನಿಂದ ಒಂದು ಟ್ರ್ಯಾಕ್ಟರಿನಲ್ಲಿ ಹೋದೆವು. ಎರಡೂ ಕಡೆ ನೀರು ತುಂಬಿದ ಗದ್ದೆ, ಕಣ್ಣು ಹರಿದಷ್ಟು ಹಸಿರು. ಒಣ ಹೊಲ ನೋಡಿ ಬೆಳೆದ ನನಗೆ ಅಷ್ಟೊಂದು ನೀರು ಕಂಡರೆ ಹೆದರಿಕೆ. ಅಕ್ಕೋರು ಬಸ್ಸಿನಲ್ಲಿ ಅಂದು ಕುಂಕುಮ ಒರೆಸಿರಲಿಲ್ಲ. ಕ್ಯಾಂಪಿನ ಮುಂದೆ ಇಳಿದೆವು.

ಚಹಾದಂಗಡಿಯವನು ಬೆನ್ನು ತಿರುಗಿಸಿ ಒಲೆ ಊದುತ್ತಿದ್ದ. ಹೆಗಲು, ಕತ್ತು, ನಿಲ್ಲುವ ರೀತಿ ನೋಡಿ ನಾನು ಅವನೇ ಅಂದುಕೊಂಡೆ. ಅಕ್ಕೋರು ಮುಂದೆ ಹೆಜ್ಜೆ ಇಡಲಿಲ್ಲ. ಅವನು ತಿರುಗಿದ. ಹುಬ್ಬಿನ ಮೇಲೆ ಗಾಯವಿತ್ತು. ಮುಖ ಬೇರೆಯವನದು.

ನಾವು ನಿಂತ ರೀತಿ ನೋಡಿಯೇ ಅವನಿಗೆ ತಿಳಿಯಿತು. ಬೆಂಚು ಒರೆಸಿ ಕೂಡಿಸಿ ಚಹಾ ಕೊಟ್ಟ. ತೆಲುಗು ಬೆರೆಸಿದ ಕನ್ನಡದಲ್ಲಿ, "ನಿಮ್ಮಂಗ ಚಾಲಾ ಮಂದಿ ಬರತಾರಮ್ಮಾ. ಒಬ್ಬರು ಅಣ್ಣನ್ನ ಹುಡಕ್ಕೊಂಡು, ಒಬ್ಬರು ಮಗನ್ನ ಹುಡಕ್ಕೊಂಡು. ಇಷ್ಟು ನೀರು ಬಂತು, ಮನುಷ್ಯರು ತಪ್ಪಿ ಹೋದರು" ಎಂದ.

ಮರಳುವ ಬಸ್ಸಿನಲ್ಲಿ ಅಕ್ಕೋರು ಕಾಲುವೆ ಕಾಣದ ಕಡೆಯ ಸೀಟಿನಲ್ಲಿ ಕೂತರು. ಬಹಳ ಹೊತ್ತಾದ ಮೇಲೆ ನನ್ನ ಮೊಣಕೈ ಹಿಡಿದರು.

"ಹೋಗುವಾಗ ದಾರಿ ತುಂಬ ನಾ ಏನ ಬೇಡಕೊಂಡೆ ಗೊತ್ತೇನು? ಅಂವ ಆಗಿರಬಾರದು ಅಂತ."

ನಾನು ತಿರುಗಿ ಅವರ ಮುಖ ನೋಡಿದೆ.

"ಅಂವ ಅಲ್ಲ ಅಂತ ಕಂಡಕೂಡಲೇ ಅಳು ಬಂತು. ಯಾಕ ಅಂತ ನನಗ ತಿಳೀವಲ್ದು." ಮತ್ತೆ ಅಂದರು: "ಅಂವ ಬಂದರ ನಾ ಮತ್ತ ಇಪ್ಪತ್ತು ವರ್ಷದ ಮದುಮಗಳಾಗಬೇಕು. ಸತ್ತಾನ ಅಂತ ಗೊತ್ತಾದರ ಇವತ್ತ ಎಂಬತ್ತು ವರ್ಷದ ಮುದುಕಿ ಆಗಬೇಕು. ನನಗೀಗ ಮೂವತ್ತರ ಮ್ಯಾಲಾಗೈತಿ. ಈ ವಯಸ್ಸು ನನಗ ಯಾರ ಕೊಡತಾರ ಹೇಳು?"

ನನಗಾಗ ಹದಿನಾರು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದಳು. "ಅಂವ ಅಲ್ರಿ ಅತ್ತಿ" ಎಂದರು. ಮುದುಕಿ ತಲೆಯಾಡಿಸಿ ರೊಟ್ಟಿಯ ಮೇಲೆ ಬುಟ್ಟಿ ಮುಚ್ಚಿದಳು.

ಅತ್ತೆ ತೀರಿಕೊಂಡದ್ದು ಅದಾದ ಎರಡು ಮಳೆಗಾಲದ ನಂತರ. ಅವತ್ತು ಮಧ್ಯಾಹ್ನ ನಾನೂ ಅವ್ವನೂ ಅಲ್ಲೇ ಇದ್ದೆವು. ಉಸಿರು ಏರಿಳಿಯುತ್ತಿದ್ದಾಗ ಮುದುಕಿ ಕಣ್ಣು ತೆರೆದು, "ಸೈಕಲ್ ಸಪ್ಪಳ ಕೇಳತೈತಿ. ಬಾಗಲ ತಗಿ" ಎಂದಳು. ಬಾಗಿಲು ತೆರೆದೇ ಇತ್ತು. ಅಕ್ಕೋರು ಎದ್ದು ಹೋಗಿ ಅದನ್ನು ಗೋಡೆಗೆ ತಾಗುವ ಹಾಗೆ ಪೂರಾ ತೆರೆದರು, ಓಣಿಯ ಎರಡೂ ದಿಕ್ಕು ನೋಡಿದರು, ಬಂದು ಕೂತರು. "ತಗದೀನ್ರಿ" ಎಂದರು. ಬಂದಿದ್ದಾನೆ ಎಂದು ಅವರು ಹೇಳಲಿಲ್ಲ. ಮುದುಕಿ ಬಾಗಿಲನ್ನೇ ನೋಡುತ್ತ ಹೋದಳು.

ದಿನಕರ್ಮಗಳು ಮುಗಿದ ಮೇಲೆ ಲಿಂಗಸುಗೂರಿನಲ್ಲಿದ್ದ ಅವರ ಭಾವ, ಮೇಸ್ತ್ರಿಯ ಅಣ್ಣ, ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಗೋಡೆಯ ಈಚೆ ನಮಗೆ ಎಲ್ಲ ಕೇಳಿಸುತ್ತಿತ್ತು.

"ಅವ್ವ ಇರೋತನಕ ಆಕಿ ಜೀವಕ್ಕ ನೋವಾಗಬಾರದಂತ ಸುಮ್ಮಕಿದ್ದಿವಿ," ಎಂದ ಅವನು. "ಇನ್ನ ಬಳಿ ಕುಂಕುಮ ತಗದಬಿಡು. ನನ್ನ ಮಗಳ ಲಗ್ನ ಐತಿ. ಮಂದಿ ಕೇಳತಾರ."

"ಏನಂತ ಕೇಳತಾರ?"

"ನೀ ಯಾವ ಸಾಲಿನಾಗ ನಿಂದರತಿ ಅಂತ."

ಅಕ್ಕೋರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಭಾವ, ಹೆಣ ತೋರಸ್ರಿ. ತೋರಿಸಿದ ಗಳಿಗಿಗೆ ನಾನ ಬಳಿ ಒಡಕೋತೀನಿ."

"ಹೆಣ ನಾ ಎಲ್ಲಿಂದ ತರಲಿ?"

"ಅತ್ತಿಯವರನ್ನೂ ಇದನ್ನ ಕೇಳತಿದ್ದೆ, ಮನಸಿನಾಗ. ನಿಮ್ಮ ಮಗನ್ನ ತೋರಸ್ರಿ, ದಿನಾ ಹೂ ಮುಡಕೋತೀನಿ ಅಂತ. ಅವರೂ ತೋರಸಲಿಲ್ಲ. ನೀವೂ ತೋರಸವಲ್ರಿ. ನನ್ನ ಹಣಿ ನನಗ ಬಿಡ್ರಿ."

ಭಾವ ಎದ್ದು ಹೋದ. ಆ ಲಗ್ನಕ್ಕೆ ಅವರಿಗೆ ಕರೆ ಬರಲಿಲ್ಲ. ಗೋಡೆಯ ಈಚೆ ಅವ್ವ ಮೊರದಲ್ಲಿದ್ದ ಜೋಳವನ್ನು ಮರೆತು ಹಾಗೇ ಕೂತಿದ್ದಳು.

ಆಮೇಲೆ ಅವರ ಹಣೆ ಯಾರಿಗೂ ಅರ್ಥವಾಗದಂತಾಯಿತು. ಒಂದು ದಿನ ಕುಂಕುಮವಿದ್ದರೆ ಮರುದಿನ ಬರಿ ವಿಭೂತಿ, ಇನ್ನೊಂದು ದಿನ ಕಾಡಿಗೆಯ ಸಣ್ಣ ಬೊಟ್ಟು. ಎದುರಾದವರು ಮೊದಲು ಹಣೆ ನೋಡಿ, ಏನು ತಿಳಿಯಬೇಕೆಂದು ತಿಳಿಯದೆ, ಕೊನೆಗೆ ಮುಖ ನೋಡುತ್ತಿದ್ದರು. ಸಂಜೆಯ ತಾಟು ನಿಂತಿತು. ಆದರೂ ಕಡೇ ಬಸ್ಸಿನ ಸಪ್ಪಳಕ್ಕೆ ಅವರು ಮಾತು ನಿಲ್ಲಿಸುವುದು ನಿಲ್ಲಲಿಲ್ಲ. ಬಸ್ಸು ದೂರ ಹೋದ ಮೇಲೆ ಬಿಟ್ಟ ಮಾತನ್ನು ಮತ್ತೆ ಹಿಡಿಯುವರು.

ನಮ್ಮಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಕಾರ್ಯ ಓಣಿಯಲ್ಲೇ ಒಂದು ತೊಟ್ಟಿಲು. ಅವ್ವ ಹೋಗಿ, ಎಂದಿನಂತೆ ಮುಂದೆ ಹೋಗಲು ಹೆಜ್ಜೆಯಿಟ್ಟು, ನೆನಪಾಗಿ ಹಿಂದಕ್ಕೆ ಬಂದು ಕಂಬದ ಮರೆಯಲ್ಲಿ ಕೂತಳು. ಮುಂದಿನ ಸಾಲಿನ ಹೆಂಗಸರು ಯಾರೂ ತಿರುಗಿ ನೋಡಲಿಲ್ಲ. ಆಗ ಅಕ್ಕೋರು ಎಲ್ಲಿಂದಲೋ ಬಂದು ಅವ್ವನ ಪಕ್ಕ ಕೂತು ಸೆರಗು ಬೀಸಿಕೊಂಡರು.

"ಇಲ್ಲಿ ಗಾಳಿ ಚೊಲೊ ಬರತೈತಿ ಯಕ್ಕಾ," ಎಂದರು. "ನಾ ಭಾಳ ವರ್ಷದಿಂದ ಇಲ್ಲೇ ಕುಂದರತೀನಿ."

ಅವ್ವ ಅವರ ಕೈ ಹಿಡಿದುಕೊಂಡು ಅತ್ತದ್ದನ್ನು ನಾನು ನೋಡಿದೆ. ಅಪ್ಪ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಅಕ್ಕೋರಿಗೆ ನಲವತ್ತು ದಾಟಿತ್ತೋ ಇಲ್ಲವೋ, ಕಾಮಾಲೆಯಾಗಿ ತಿಂಗಳೊಳಗೆ ಹೋದರು. ನಾನು ಕಲಿಸುತ್ತಿದ್ದ ಶಾಲೆಯಿಂದ ರಜೆ ಹಾಕಿ ಬರುವ ಹೊತ್ತಿಗೆ ಅಂಗಳ ತುಂಬಿತ್ತು. ಸಂತೆಕಲ್ಲೂರಿನ ಹೆಂಗಸರು ಬಂದಿದ್ದರು, ಕಚೇರಿಯವರು ಬಂದಿದ್ದರು, ಭಾವನೂ ಬಂದಿದ್ದ. ಮೈ ತೊಳೆಯಬೇಕಾದ ಹೆಂಗಸರು ಮಾತ್ರ ಬಾಗಿಲಲ್ಲೇ ನಿಂತಿದ್ದರು. ಮುತ್ತೈದೆಯೆಂದರೆ ಹಸಿರು ಸೀರೆ, ಬಳೆ, ಕುಂಕುಮ, ಉಡಿ ಬೇಕು. ಅಲ್ಲವೆಂದರೆ ಅದೊಂದೂ ಕೂಡದು. ಒಬ್ಬಳು ಹಸಿರು ಸೀರೆ ತಂದಿದ್ದಳು. ಇನ್ನೊಬ್ಬಳು ಬಿಳಿಯದು. ಬಿಸಿಲು ಏರುತ್ತಿತ್ತು. ಯಾರೂ ಒಳಗೆ ಹೋಗಲೊಲ್ಲರು.

ಅವ್ವ ಅವರನ್ನು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಸತ್ತವಳು ಹಾಗೆ ಮುಂದಾಗಿ ಹೋಗುವುದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳುವ ಮೊದಲೇ ಒಳಗೆ ನೀರಿನ ಸಪ್ಪಳ ಕೇಳಿಸಿತು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದಳು. ನಮ್ಮ ಮಂದಿಯ ರೂಢಿಯಂತೆ ಅಕ್ಕೋರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದಳು. ಕೆಲಸಕ್ಕೆ ಹೋಗುವಾಗ ಉಡುತ್ತಿದ್ದ ನೀಲಿ ಅಂಚಿನ ಸೀರೆ. ಬಿಗಿಯಾಗಿ ಬಾಚಿದ ತಲೆ. ಹಣೆಗೆ ಮೂರು ಬೆರಳಿನ ವಿಭೂತಿ, ಅಷ್ಟೇ.

ಕ್ರಿಯೆಗೆ ಬಂದ ಅಯ್ಯನವರು ಅವ್ವನನ್ನೇ ಕೇಳಿದರು, "ಯಾರ ಹೆಂಡತಿ ಅಂತ ಹೇಳಲಿ ತಾಯಿ?"

"ಆಕಿ ಹೆಸರ ಹೇಳ್ರಿ," ಎಂದಳು ಅವ್ವ. "ಸಾಕು."

ಅಯ್ಯನವರು ಹೆಸರು ಹೇಳಿದರು. ಆ ಹೆಸರನ್ನು ಯಾರಾದರೂ ಬಾಯಿಬಿಟ್ಟು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಳದಲ್ಲಿದ್ದವರು ಇದು ಯಾರ ಹೆಸರು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿದರು.

ಮಣ್ಣು ಮಾಡಿ ಬಂದು ಸ್ನಾನವಾದ ಮೇಲೆ ನಾನೂ ಅವ್ವನೂ ಕಟ್ಟೆಯ ಮೇಲೆ ಕೂತಿದ್ದೆವು. ಸಂಜೆಯಾಗಿತ್ತು. ಸಿಂಧನೂರಿನ ಬಸ್ಸು ಬಂದು ನಿಂತ ಸಪ್ಪಳ ಕೇಳಿಸಿತು. ಅವ್ವ ಮಾತು ನಿಲ್ಲಿಸಿದಳು. ಓಣಿಯ ತುದಿಯನ್ನೇ ನೋಡಿದಳು. ಬಸ್ಸು ಹೋಯಿತು. ಯಾರೂ ಬರಲಿಲ್ಲ.

"ಇನ್ನ ಅಂವೇನರ ಬಂದರ ನಾವ ಉತ್ತರ ಹೇಳಬೇಕಲ್ಲ," ಎಂದಳು.

"ಏನ ಹೇಳತಿ ಬೇ?"

"ಎಲ್ಲಿಗೋ ಹೋಗ್ಯಾಳ ಅಂತೀನಿ. ಸತ್ತಾಳ ಅಂತ ಮಾತ್ರ ಹೇಳಂಗಿಲ್ಲ. ಅಂವನೂ ಜರಾ ಕಾಯಲಿ."